ಅವ್ವನ ಬಳೆ ಸದ್ದು

"ಇದ್ರಾಗ ನಮ್ಮವ್ವ ಎಲ್ಲಿದ್ದಾಳ್ರಿ?"

ಪೆನ್‌ಡ್ರೈವ್ ಅನ್ನು ಕಪಿಲನ ಟೇಬಲ್ ಮೇಲೆ ಕುಕ್ಕಿದೆ. ಬಸವಕಲ್ಯಾಣದಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಫೋನಿಗೆ ಹಾಕಿಕೊಡುವ ಅಂಗಡಿ ಅವನದು. ನಾನು ಕೊಟ್ಟಿದ್ದು ಬುದ್ಧ ಪೂರ್ಣಿಮೆಗೆ ಬುದ್ಧ ವಿಹಾರದಲ್ಲಿ ಅವ್ವ ಹಾಡಿದ್ದ ಕ್ಯಾಸೆಟ್. ಅವ್ವ ಹೋದ ಮೇಲೆ ಉಳಿದ ದನಿ ಅದೊಂದೇ.

"ಹಾಡು ಕ್ಲಿಯರ್ ಆಗ್ಯದಲ್ರಿ. ಬಳಿ ಸದ್ದು, ನಡುವಿನ ಮಾತು ಎಲ್ಲಾ ತೆಗದೀನಿ. ಫೈಲ್ ಹಗೂರ ಅದ, ವಾಟ್ಸಾಪಿನ್ಯಾಗ ಹೋಗ್ತದ."

"ಅವ್ವ ಬಳಿ ಬಡದೇ ತಾಳ ಹಾಕ್ತಿದ್ಲು. ನಡುವ 'ಏ ಪ್ರಣಿ, ಮೈಕ್ ಮುಟ್ಟಬ್ಯಾಡ' ಅಂತ ನನಗ ಬೈದಾಳ. ಅದನ್ನೇ ತೆಗದೀರಲ್ರಿ!"

ಅವನ ಮುಖ ಸಣ್ಣದಾಯಿತು. ಮೂಲ ಕ್ಯಾಸೆಟ್ ತೆಗೆದು ಡೆಕ್‌ಗೆ ಹಾಕಿದ. ಸರಸರ ಸದ್ದಿನ ಒಳಗಿಂದ ಬಳೆ ಕೇಳಿತು, ಬೈಗುಳವೂ ಬಂತು. ನಾನು ಅತ್ತೆ. ಅವನು ಗೋಡೆ ನೋಡುತ್ತ ನಿಂತ.

ಎಲ್ಲ ಸದ್ದೂ ಇರುವ ಫೈಲನ್ನು ಅವತ್ತೇ ಮಾಡಿಕೊಟ್ಟ. ಆದರೆ ಹುಮನಾಬಾದಿನ ನಮ್ಮ ಮನೆಗೆ ಹೋಗುವ ಬಸ್ಸಿನಲ್ಲಿ ಫೋನಿನಲ್ಲಿ ಕೇಳುತ್ತಿದ್ದಾಗ ಏನೋ ಮೆಸೇಜ್ ಬಂತು, ಬೆರಳು ಸರಿಯಿತು, ಅವ್ವನ ಬೈಗುಳ ದಾಟಿಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಇಷ್ಟು ಸಲೀಸಾಗಿ ದಾಟುವವಳಲ್ಲ ನನ್ನ ಅವ್ವ. ಕ್ಯಾಸೆಟ್ ಆದರೆ ಕೂತು ಕೇಳಬೇಕು.

ಮನೆಯ ಕೆಟ್ಟ ಟೇಪ್ ರೆಕಾರ್ಡರ್ ಅನ್ನು ಅವನಿಗೇ ರಿಪೇರಿಗೆ ಕೊಟ್ಟೆ, ಕ್ಯಾಸೆಟ್ಟನ್ನೂ ಅಲ್ಲೇ ಬಿಟ್ಟೆ.

"ಇದರ ಒಳಗಿನ ಬೆಲ್ಟ್ ಹೈದರಾಬಾದಿನಿಂದ ಬರಬೇಕ್ರಿ," ಎಂದ. ಐತವಾರದ ರಜೆಗೆ ನಾನು ಬಂದಾಗಲೆಲ್ಲ ಅದೇ ಮಾತು. ಅಲ್ಲಿಯವರೆಗೆ ಅವನ ಡೆಕ್‌ನಲ್ಲಿ ಅವ್ವನನ್ನು ಕೇಳುವುದು, ಅವನು ತರಿಸಿದ ಚಹಾ ಕುಡಿಯುವುದು. ಬೈಗುಳ ಬರುವ ಮೊದಲೇ ಅವನು ನನ್ನತ್ತ ತಿರುಗಿ ನಗುತ್ತಿದ್ದ. ಆ ನಗೆಗಾಗಿ ನಾನು ಕಾಯತೊಡಗಿದ್ದೆ.

ಒಂದು ಐತವಾರ ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ನಮ್ಮ ಟೇಪ್ ರೆಕಾರ್ಡರ್‌ನಲ್ಲಿ ಅವ್ವ ಹಾಡುತ್ತಿದ್ದಳು. ಅದರ ಸ್ಪೀಕರಿನ ಗರಗರ ನನಗೆ ಗೊತ್ತಿಲ್ಲವೇ? ನನ್ನನ್ನು ಕಂಡವನೇ ಗಡಬಡಿಸಿ ಬಂದ್ ಮಾಡಿದ.

"ಬೆಲ್ಟ್ ಬಂತೇನ್ರಿ?"

"ಯಾವಾಗೋ ಬಂದದ."

"ಮತ್ಯಾಕ ಹೇಳಲಿಲ್ಲ?"

"ಕೊಟ್ಟುಬಿಟ್ರ ನೀವು ಬರೂದು ನಿಲ್ತದಲ್ರಿ," ಎಂದು ತಲೆ ತಗ್ಗಿಸಿದ. "ನೀವು ಬರಲಾರದ ಐತವಾರ ನನಗ ಬ್ಯಾಡಾಗ್ಯದ."

ಟೇಪ್ ರೆಕಾರ್ಡರ್ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಕ್ಯಾಸೆಟ್ ಹೊರತೆಗೆದು ಅವನ ಕೈಯಲ್ಲಿಟ್ಟೆ.

"ಇದು ನಮ್ಮ ಮನ್ಯಾಗ ಇರಲಿ, ಅದು ನಿಮ್ಮ ಹತ್ರ ಇರಲಿ. ಬರೂ ಐತವಾರ ನೀವೇ ತಗೊಂಡು ಹುಮನಾಬಾದಕ್ಕ ಬರ್ರಿ. ಅಪ್ಪನೂ ಅವ್ವನ ದನಿ ಕೇಳಿ ಭಾಳ ದಿನ ಆಗ್ಯದ."

ಕಪಿಲ ಕ್ಯಾಸೆಟ್ಟನ್ನು ಅಂಗಿಯ ಕಿಸೆಗಿಟ್ಟು ಮೇಲೆ ಕೈ ಇಟ್ಟುಕೊಂಡ.

"ನನ್ನ ನೋಡಿದ್ರ ನಿಮ್ಮವ್ವ ಏನಂತಿದ್ರೋ?"

"ಮೈಕ್ ಮುಟ್ಟಬ್ಯಾಡ ಅಂತಿದ್ಲು," ಎಂದೆ.