ಮಳೆ ಕರೆದವನು

ಎದುರಿನ ತೋಫು ಅಂಗಡಿಯ ಸೂರಿನಲ್ಲಿ ಬಿಳಿಬಟ್ಟೆಯ ತೆರುತೆರು ಬೋಝು ಬೊಂಬೆ ನೇತಾಡುತ್ತಿರುವುದನ್ನು ಕಂಡು ಚಿಗುಸಾ ಮುಗುಳ್ನಕ್ಕಳು. ಇಂದು ಹೊಳೆದಂಡೆಯ ಹಬ್ಬದಲ್ಲಿ ಅವಳೇ ಮಾಡಿದ ಬಾಣಬಿರುಸುಗಳು ಮೊದಲ ಸಲ ಹಾರಬೇಕಿತ್ತು. ಬಿಸಿಲು ಬರಲೆಂದು ಊರಿನ ಮಕ್ಕಳೆಲ್ಲ ಇಂಥ ಬೊಂಬೆ ಕಟ್ಟಿದ್ದರು. ಈ ಅಂಗಡಿಯ ಕ್ಯೋಹೇ ಕೂಡ ಕಟ್ಟಿದ್ದಾನೆ, ನನಗೋಸ್ಕರ!

ಹತ್ತಿರ ಹೋದಾಗ ನಗು ಆರಿಹೋಯಿತು. ಬೊಂಬೆಯ ತಲೆ ಕೆಳಗಿತ್ತು. ಹಾಗೆ ಕಟ್ಟುವುದು ಮಳೆ ಕರೆಯುವುದಕ್ಕೆ.

"ಲೋ ಕ್ಯೋಹೇ! ಬಾರೋ ಹೊರಗೆ!"

ಅವನು ಒದ್ದೆಗೈಯಲ್ಲೇ ಬಂದ. ಅವಳ ಬೆರಳು ತೋರಿಸಿದ ಕಡೆ ನೋಡಿದ್ದೇ ತಡ, ಕಿವಿ ಕೆಂಪಗಾದವು.

"ಗಾಳಿಗೆ ತಿರುಗಿರಬೇಕು..."

"ಗಾಳಿ ಬಂದು ಅದರ ಅಂಗಿ ತುದಿಗೆ ಗಂಟು ಹಾಕಿ ಹೋಯ್ತಾ?"

ಅವನು ನೆಲ ನೋಡಿದ. "ಹಬ್ಬ ಮುಗಿದರೆ ನಾಳೆ ಓಮಗಾರಿ ಊರಿಗೆ ಬಾಣಬಿರುಸಿನ ಕೆಲಸಕ್ಕೆ ಹೊರಟುಬಿಡ್ತೀಯ. ಮಳೆ ಬಂದ್ರೆ ಹಬ್ಬ ಮುಂದಿನ ವಾರಕ್ಕೆ ಹೋಗುತ್ತೆ. ಅಲ್ಲಿವರೆಗಾದ್ರೂ ಇರ್ತೀಯಲ್ಲ ಅಂತ."

"ಅಪ್ಪನ ಕೈ ಸುಟ್ಟ ಮೇಲೆ ಚಳಿಗಾಲವೆಲ್ಲ ಒಬ್ಬಳೇ ಕೂತು ಮದ್ದು ತುಂಬಿದ್ದೀನಿ. ನೋಡು ಈ ಬೆರಳುಗಳನ್ನ! ಇದಕ್ಕಿಂತ ನಿನಗೆ ಒಂದು ವಾರ ಹೆಚ್ಚಾಯ್ತಾ?"

ಅವಳ ಕೆನ್ನೆಗೆ ಮಳೆಹನಿ ಬಿತ್ತು. ಮರುಕ್ಷಣ ಅವಳು ಹೊಳೆಯತ್ತ ಓಡುತ್ತಿದ್ದಳು.

ಸಾಲಾಗಿ ನಿಲ್ಲಿಸಿದ್ದ ಬಾಣಬಿರುಸಿನ ಕೊಳವೆಗಳಿಗೆ ಹೊದಿಸಲು ಟಾರ್ಪಾಲು ಸಾಲಲಿಲ್ಲ. ಹಿಂದಿನಿಂದ ಕ್ಯೋಹೇ ಅಂಗಡಿಯ ನೀಲಿ ಶೀಟುಗಳನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಬಂದ.

"ಚಿಗುಸಾ, ನಾನು..."

"ಮಾತಾಡಬೇಡ. ಆ ತುದಿ ಎಳಿ!"

ಅವನು ಎಳೆದ. ಅವಳು ಕಟ್ಟಿದಳು. ಕೊನೆಯ ಗಂಟು ಬಿಗಿಯುವಾಗ ಇಬ್ಬರ ಬೆರಳೂ ಒಂದೇ ಹಗ್ಗದಲ್ಲಿ ಸಿಕ್ಕಿಕೊಂಡವು, ಅವಳು ಕೈ ಕಿತ್ತುಕೊಂಡಳು. ಅಷ್ಟರಲ್ಲಿ ಧ್ವನಿವರ್ಧಕ ಕೂಗಿತು: ಹಬ್ಬ ಮುಂದಕ್ಕೆ ಹೋಗಿದೆ.

ಚಿಗುಸಾ ಕೆಸರಿನಲ್ಲೇ ಕುಸಿದು ಕೂತಳು. ಸಿಟ್ಟಿಗೆ ಅಳು ಬಂತು, ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನೀನು ಮಳೆ ಬೇಕಂತ ಆಕಾಶವನ್ನ ಕೇಳಿದೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಇರ್ತಿದ್ದೆಯಾ?"

"ಇಲ್ಲ!" ಅವಳು ಚೀರಿದಳು. "ಆದ್ರೆ ನೀನೂ ಬರ್ತೀಯಾ ಅಂತ ನಾನು ಕೇಳ್ತಿದ್ದೆ, ಪೆದ್ದ!"

ಕ್ಯೋಹೇ ಬಾಯಿ ತೆರೆದು ನಿಂತ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ.

"ನಾನು ನಿನ್ನ ಪ್ರೀತಿಸ್ತೀನಿ," ಅಂದ. ಮಳೆಯ ಸದ್ದಿಗೆ ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿ ಹೇಳಿದ. ದೂರದಲ್ಲಿ ಹಬ್ಬದ ಅಂಗಡಿ ಮುಚ್ಚುತ್ತಿದ್ದವರೆಲ್ಲ ತಿರುಗಿ ನೋಡಿದರು. "ಓಮಗಾರಿಯವರು ತೋಫು ತಿಂತಾರಾ?" ಎಂದು ಕ್ಯೋಹೇ ಕೇಳಿದ.

ಅವಳು ಒಂದು ಹಿಡಿ ಕೆಸರೆತ್ತಿ ಅವನ ಎದೆಗೆ ಬೀಸಿ ಹೊಡೆದಳು.

"ತಿಂತಾರೆ. ನನಗೇನೂ ಸಿಟ್ಟು ಇಳಿದಿಲ್ಲ, ತಿಳ್ಕೋ. ಹೂಂ, ಕೈ ಕೊಡು, ಎಬ್ಬಿಸು."