ಬೀಗ ಹಾಕಿದ ಮನೆಯ ಬೆಲ್ಲದ ಕೇಕು

ಹಿತ್ತಲ ಗೋಡೆ ಹಾರಿ ಬಂದ ಆ ಗಂಡಸು ಹಿಂದೆಮುಂದೆ ನೋಡದೆ ತುಂಬಿದ ಕೊಡ ಎತ್ತಿ ಒಲೆಯ ಮೇಲೆ ಸುರಿದೇಬಿಟ್ಟ.

ಬುಸ್ಸೆಂದು ಬೂದಿ ಎದ್ದಿತು. ಭುವನೇಶ್ವರಿ ಗೋಡೆಗೆ ಒತ್ತಿ ನಿಂತಳು. ಮೊದಲು ಭಯ ಬಂತು, ಸಿಟ್ಟು ಆಮೇಲೆ.

"ಅಂಜಬ್ಯಾಡ್ರಿ," ಎಂದ ಆತ ಏದುಸಿರು ಬಿಡುತ್ತ. "ಮುಂದ ಬೀಗ ಅದ, ಹಿಂದ ಹೊಗಿ ಬರಾಕತ್ತೇದ. ಒಳಗ ಯಾರೋ ಸಿಕ್ಕೊಂಡಾರ ಅಂತ..."

"ನಾ ಕೇಕ್ ಮಾಡಾಕತ್ತಿದ್ದೆ."

ಆತ ಒಲೆ ನೋಡಿದ. ಹಸಿ ತೊಗರಿ ಕಟ್ಟಿಗೆ, ಅದರ ಮೇಲೆ ಉಸುಕು ತುಂಬಿದ ದೊಡ್ಡ ಬೋಗುಣಿ, ಅದರೊಳಗೆ ಇನ್ನೊಂದು ಸಣ್ಣ ಬೋಗುಣಿ. ಹೊಗೆಯೆಲ್ಲ ಆ ಕಟ್ಟಿಗೆಯದು. ಕೇಕಿನ ಅರ್ಧಭಾಗ ಈಗ ನೀರಲ್ಲಿ ತೇಲುತ್ತಿತ್ತು.

ಅವನ ಮುಖ ಕಪ್ಪಿಟ್ಟಿತು. ಮತ್ತೆ ಮತ್ತೆ ತಪ್ಪಾಯಿತೆಂದ. ಪಕ್ಕದ ಖುರ್ಷಿದಬೇಗಂ ಮನೆಯ ಕೋಣೆಗೆ ಬಾಡಿಗೆಗೆ ಬಂದವನಂತೆ, ನೆಲೋಗಿಯ ದನದ ಆಸ್ಪತ್ರೆಗೆ ಬಂದಿರುವ ಹೊಸ ಡಾಕ್ಟರಂತೆ, ಹೆಸರು ಕಲ್ಯಾಣಕುಮಾರನಂತೆ. ಇಷ್ಟೆಲ್ಲ ಹೇಳಿ, ದನಿ ತಗ್ಗಿಸಿ ಕೇಳಿದ:

"ಒಳಗ ನೀವಿದ್ದೀರಿ. ಹೊರಗ ಬೀಗ ಯಾಕ್ರಿ?"

ಅವಳು ಮುಂಬಾಗಿಲತ್ತ ನೋಡಿದಳು. ಅಣ್ಣ ಬರುವುದರೊಳಗೆ ಹೋಗಿ ಎಂದಷ್ಟೇ ಬೇಡಿಕೊಂಡಳು.

ಆತ ಗೋಡೆಯತ್ತ ನಡೆದ. ಏನನ್ನಿಸಿತೋ, ತಿರುಗಿ ಬಂದು ನೀರು ತಾಗದ ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಂಡ. ಅವನ ಕಣ್ಣು ಅರಳಿದವು.

"ಇದಕ್ಕ ಏನ್ ಹಾಕೀರಿ?"

"ಜೋಳದ ಹಿಟ್ಟು, ಬೆಲ್ಲ, ಮೊಸರು... ಕರ‍್ರಗ ಕಾಣ್ಲಿ ಅಂತ ಹುರಿದ ಗುರೆಳ್ಳು."

ಯಾಕೆ ಹೇಳಿದೆ ಎಂದು ಅವಳಿಗೇ ತಿಳಿಯಲಿಲ್ಲ. ಅವಳು ಮಾಡಿದ್ದನ್ನು ಆ ಮನೆಯಲ್ಲಿ ಎಲ್ಲರೂ ತಿನ್ನುತ್ತಿದ್ದರು. ಅದಕ್ಕೆ ಏನು ಹಾಕಿದೆ ಎಂದು ಯಾರೂ ಕೇಳಿರಲಿಲ್ಲ.

ಅವಳ ಮದುವೆ ಅಫಜಲಪುರದ ಕಡೆ ಆಗಿತ್ತು. ದೊಡ್ಡ ಕುಟುಂಬ, ದುಡಿಯುವ ಹೆಣ್ಣು ಬೇಕಾಗಿತ್ತು ಅವರಿಗೆ. ಗಂಡನ ಕೈ ಮೇಲೇಳತೊಡಗಿದಾಗ ಅಣ್ಣ ಗುರುಲಿಂಗನೇ ಹೋಗಿ ಕರೆತಂದ, ಸೋಡಚೀಟಿ ಮಾಡಿಸಿ ಆ ಮದುವೆಯನ್ನೇ ಮುರಿಸಿದ. ಆ ಋಣವನ್ನು ಅವಳು ಮರೆತಿಲ್ಲ.

ಆದರೆ ತಂಗಿಯ ಬಗ್ಗೆ ಊರು ಏನೆನ್ನುವುದೋ ಎಂಬ ಅಂಜಿಕೆ ಅವನೊಳಗೆ ಬೇರೂರಿತು. ಬಾವಿ ಕಡೆ ಬೇಡವೆಂದ. ಸಂತೆ ಬೇಡವೆಂದ. ಕೊನೆಗೆ ತಾನೂ ಹೆಂಡತಿಯೂ ಪರಊರಿಗೆ ಹೋದಾಗ ಹೊರಗಿನಿಂದ ಬೀಗವನ್ನೂ ಹಾಕತೊಡಗಿದ. ನಿನ್ನ ಒಳ್ಳೆಯದಕ್ಕೇ ಎನ್ನುತ್ತಿದ್ದ. ಅತ್ತಿಗೆ ಸುಮಿತ್ರಾಬಾಯಿಗೂ ಇದು ಅನುಕೂಲವೇ ಆಗಿತ್ತು, ಅಡುಗೆಮನೆಯ ಚಿಂತೆ ತಪ್ಪಿತ್ತು.

ಉಸಿರು ಕಟ್ಟಿದಾಗಲೆಲ್ಲ ಭುವನೇಶ್ವರಿ ಒಲೆ ಹಚ್ಚುತ್ತಿದ್ದಳು. ಮೊಬೈಲಿನಲ್ಲಿ ಕಂಡ ತಿನಿಸಿಗೆ ಮನೆಯಲ್ಲಿದ್ದುದನ್ನೇ ಹೊಂದಿಸುತ್ತಿದ್ದಳು. ಮೈದಾ ಇಲ್ಲದಿದ್ದರೆ ಜೋಳ, ಓವನ್ ಇಲ್ಲದಿದ್ದರೆ ಉಸುಕು.

ಕೆಲವು ದಿನಗಳ ನಂತರ ಖುರ್ಷಿದಬೇಗಂ ಗೋಡೆಯಾಚೆಯಿಂದ ಕೂಗಿದಳು. ಡಾಕ್ಟರು ತಂದುಕೊಟ್ಟ ಎಳ್ಳು, ಬೆಲ್ಲದ ಪೊಟ್ಟಣ ಅವಳ ಕೈಯಲ್ಲಿತ್ತು. ಹಾಳು ಮಾಡಿದ ಕೇಕಿಗೆ ಬದಲಂತೆ.

ಭುವನೇಶ್ವರಿ ಅದರಿಂದ ಬಿಸ್ಕತ್ತು ಸುಟ್ಟು ಕಳಿಸಿದಳು. ತಾಟು ತೊಳೆದು ಬಂತು, ಜೊತೆಗೆ ಒಂದು ಮಾತೂ ಬಂತು: ಏಲಕ್ಕಿ ಬದಲು ಜಾಜಿಕಾಯಿ ತೇಯ್ದಿದ್ದು ಡಾಕ್ಟರಿಗೆ ಗೊತ್ತಾಯಿತಂತೆ!

ಅವಳು ಒಬ್ಬಳೇ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ...

ಪುಂಡಿಪಲ್ಲೆ ತುಂಬಿದ ರೊಟ್ಟಿ, ಶೇಂಗಾ ಹಿಂಡಿಯ ಪುಡಿಚಟ್ನಿ ಸವರಿ ಸುಟ್ಟ ಬನ್ನು, ಹೀಗೆ ಬೇಸಿಗೆಯುದ್ದಕ್ಕೂ ಗೋಡೆ ದಾಟಿ ತಾಟುಗಳು ಓಡಾಡಿದವು. ಗೋಡೆಯ ಈಚೆ ಅವಳು, ಆಚೆ ಅವನು. ಮಾತು ಮಾತ್ರ ಎಂದೂ ಆಡಲಿಲ್ಲ.

ಒಂದು ಸಂಜೆ ಕಲ್ಯಾಣಕುಮಾರ ಪಡಸಾಲೆಗೇ ಬಂದ. ಒಳಗೆ ಹಿಟ್ಟು ನಾದುತ್ತಿದ್ದ ಅವಳ ಕೈ ನಿಂತಿತು.

"ನಿಮ್ಮ ತಂಗೀನ ಮದುವಿ ಆಗಬೇಕಂತೇನಿ," ಎಂದ ಅವನು ಅಣ್ಣನಿಗೆ. "ಖುರ್ಷಿದ ಚಾಚಿ ಮನ್ಯಾಗ ಅವರ ಅಡಿಗಿ ಉಂಡೇನ್ರಿ. ಅಂಥಾ ಕೈ ನನ್ನ ಮನ್ಯಾಗ ಇರ್ಲಿ ಅಂತ ಆಸೆ."

ಕೈ... ಮತ್ತೆ ಕೈಯೇ ಬೇಕೆ ಇವರಿಗೆ? ಅಫಜಲಪುರದವರೂ ಇದೇ ಮಾತು ಆಡಿ ಕರೆದೊಯ್ದಿದ್ದರು. ಒಂದು ಒಲೆಯಿಂದ ಇನ್ನೊಂದು ಒಲೆಗೆ, ಇಷ್ಟೇ ಏನು ತನ್ನ ಜನ್ಮ?

ಅಣ್ಣ ಕೇಳಿದಾಗ ಒಲ್ಲೆ ಎಂದಳು. ಗುರುಲಿಂಗನಿಗೆ ಹಗುರವೇ ಆಯಿತು. ಅಂದಿನಿಂದ ಗೋಡೆಯಾಚೆ ತಾಟು ಹೋಗಲಿಲ್ಲ.

ಮಳೆಗಾಲ ಹತ್ತಿತು. ಖುರ್ಷಿದಬೇಗಂ ಒಂದು ಮಧ್ಯಾಹ್ನ ತಾನೇ ಮನೆಯೊಳಗೆ ಬಂದು ಅವಳ ಎದುರು ಕೂತಳು. ಡಾಕ್ಟರು ಆಳಂದಕ್ಕೆ ವರ್ಗ ಕೇಳಿಕೊಂಡಿದ್ದಾರೆ ಎಂದಳು. ಊಟವನ್ನೂ ತಾವೇ ಮಾಡಿಕೊಳ್ಳುತ್ತಾರೆ, ರೊಟ್ಟಿ ಬಡಿಯಲು ಕಲಿತು ಬೆರಳೆಲ್ಲ ಸುಟ್ಟುಕೊಂಡಿದ್ದಾರೆ ಎಂದೂ ಹೇಳಿದಳು.

"ಬೇಟಿ, ಒಲ್ಲೆ ಅನ್ನಾದಿದ್ರ ಅನ್ನು. ಖರೆ ಒಮ್ಮೆ ಅವರ ಮಾರಿ ನೋಡಿ ಅನ್ನು."

ಅವಳು ಹೋದ ಮೇಲೆ ಭುವನೇಶ್ವರಿ ಹಿಟ್ಟು ನಾದಲು ಕುಳಿತಳು. ಹೌದಲ್ಲ, ಒಲ್ಲೆ ಎಂದಿದ್ದೂ ಈ ಗೋಡೆಗಳ ಒಳಗಿನಿಂದಲೇ...

ಎದ್ದು ಕೈ ತೊಳೆದುಕೊಂಡಳು. ಪಡಸಾಲೆಯಲ್ಲಿ ಅಣ್ಣ ಕೂತಿದ್ದ.

"ನಾ ಚಾಚಿ ಮನಿಗಿ ಹೊಂಟೇನಿ."

ಜನ ಏನಂದಾರು ಎಂದ ಗುರುಲಿಂಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

"ಅಣ್ಣಾ, ಅಲ್ಲಿಂದ ನನ್ನ ಬಿಡಿಸಿಕೊಂಡು ಬಂದಿ. ಇಲ್ಲಿಂದ ಯಾರು ಬಿಡಿಸಬೇಕು?"

ಅವಳು ಹೊಸ್ತಿಲು ದಾಟಿದಳು. ಹಗಲು ಹೊತ್ತಿನಲ್ಲಿ, ಓಣಿಯ ಮಂದಿ ನೋಡುತ್ತಿರುವಾಗಲೇ ನಡೆದಳು.

ಕಲ್ಯಾಣಕುಮಾರ ಒಲೆಯ ಮುಂದಿದ್ದ. ಹಂಚಿನ ಮೇಲೆ ನಾಲ್ಕು ಕಡೆ ಹರಿದ ರೊಟ್ಟಿ. ಅವಳನ್ನು ಕಂಡು ಎದ್ದು ನಿಂತ.

"ನಿಮಗ ನಾ ಬೇಕೇನು, ನನ್ನ ಕೈ ಬೇಕೇನು?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಅವನ ಮುಖ ಬಾಡಿತು.

"ನಿಮ್ಮಣ್ಣನ ಮುಂದ ಏನ್ ಹೇಳ್ಬೇಕಿತ್ರಿ? ಬೀಗ ಹಾಕಿದ ಮನ್ಯಾಗ ನಿಮ್ಮನ್ನ ನೋಡೇನಿ, ಅವತ್ತಿಂದ ನಿದ್ದಿ ಇಲ್ಲ ಅಂದಿದ್ರ ಅಪವಾದ ನಿಮ್ಮ ಮ್ಯಾಲೇ ಬರ್ತಿತ್ತು. ಅದಕ್ಕ ಅಡಿಗಿ ಮಾತು ತಗದೆ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತನ್ನನ್ನು ಕಾಯಲೆಂದೇ ಆಡಿದ ಮಾತು... ಅದನ್ನೇ ಎಷ್ಟು ದಿನ ಮುಳ್ಳಿನಂತೆ ಎದೆಯಲ್ಲಿ ಇಟ್ಟುಕೊಂಡಿದ್ದೆ!

"ನೀವು ಒಲಿ ಮುಟ್ಟದಿದ್ರೂ ನಡೀತದ," ಎಂದ ಅವನು ಮೆಲ್ಲಗೆ. "ನನಗ ನೀವು ಬೇಕು."

ಹಿಂದೆ ಹೆಜ್ಜೆಯ ಸದ್ದಾಯಿತು. ಗುರುಲಿಂಗ ಅಂಗಳದಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿದ್ದ. ತಂಗಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ಡಾಕ್ಟ್ರೇ, ಸೋಮವಾರ ನಿಮ್ಮ ಮನಿಯವ್ರನ್ನ ಕರಕೊಂಡು ಬರ್ರಿ," ಎಂದು ಹೊರಟುಹೋದ.

ಕಲ್ಯಾಣಕುಮಾರ ತಾಟು ತೊಳೆದ. ಹರಿದ ರೊಟ್ಟಿ, ಬೇಳೆಪಲ್ಲೆ ಬಡಿಸಿ ಅವಳ ಮುಂದಿಟ್ಟ. ಅವಳು ಒಂದು ತುತ್ತು ತಿಂದಳು. ಕಣ್ಣು ತುಂಬಿ ಬಂದವು.

"ಖಾರ ಆಗೇದೇನ್ರಿ?" ಅವನು ಗಾಬರಿಯಾದ.

"ಖಾರಾನೂ ಇಲ್ಲ, ಉಪ್ಪೂ ಇಲ್ಲ."

"ತಡೀರಿ, ಉಪ್ಪು ತರ್ತೇನಿ."

"ಬ್ಯಾಡ," ಎಂದಳು ಅವಳು, ತಾಟನ್ನು ಇಬ್ಬರ ನಡುವೆ ಸರಿಸುತ್ತ. "ನೀವೂ ಕುಂದರ್ರಿ."