ಕೆಂಚಿಯನ್ನು ಕೆಡವದೆ ಕರೆತಂದದ್ದು

ದ್ಯಾವಮ್ಮ ತೀರಿಕೊಂಡಳೆಂದು ಆಸ್ಪತ್ರೆಯಿಂದ ಫೋನು ಬಂದಾಗ ಅವಳ ಗಂಡ ದೊಡ್ಡಬೀರಪ್ಪ ಕೊಟ್ಟಿಗೆಯಲ್ಲಿ ತಮ್ಮ ಹಸು ಕೆಂಚಿಗೆ ಮೇವು ಹಾಕುತ್ತಿದ್ದ. ಕೈಯಲ್ಲಿದ್ದ ಹುಲ್ಲನ್ನೆಲ್ಲ ಹಾಕಿ ಮುಗಿಸಿ, ಆಮೇಲೆ ನೆಲಕ್ಕೆ ಕುಳಿತ.

ಮಾರನೆಯ ದಿನ ಮಣ್ಣಿಗೆ ಒಯ್ಯುವಾಗ ಹುಡುಗರು ಪಟಾಕಿ ಸರ ಹಚ್ಚಿದರು. ತಮಟೆಯ ಸದ್ದಿಗೇ ಬೆದರಿದ್ದ ಕೆಂಚಿ ಹಗ್ಗ ಕಿತ್ತುಕೊಂಡು ಮಾಕಳಿ ಬೆಟ್ಟದ ಕಡೆಗೆ ಓಡಿತು. ಹೆಣದ ಮುಂದೆ ನಡೆಯುತ್ತಿದ್ದ ದೊಡ್ಡಬೀರಪ್ಪ ಅದರ ಹಿಂದೆ ಓಡುವಂತಿರಲಿಲ್ಲ.

ಬೆಳಗಾಗುತ್ತಲೇ ಪಶುವೈದ್ಯೆ ಅರ್ಪಿತ ಬಂದಳು.

"ತಾತ, ಹೋದ ವಾರ ಅಜ್ಜಿ ಕೆಂಚಿ ರಕ್ತ ತೆಗೆಸಿದ್ರಲ್ಲ. ಗಬ್ಬ ನಿಂತಿದೆ."

ದೊಡ್ಡಬೀರಪ್ಪನ ಅಕ್ಕನ ಮಗ ಕೆಂಪರಾಜ್ ನಕ್ಕ. "ಹೊಟ್ಟೆ ಎಲ್ಲೈತೆ ಡಾಕ್ಟರಮ್ಮ? ಮಾವನೇ ನೋಡಿ ಗೊಡ್ಡು ಅಂದವ್ರೆ!"

"ಇನ್ನೂ ಎಳೇ ಗಬ್ಬ, ಕೈಗೆ ಸಿಗಲ್ಲ. ಕರು ಜೊತೆ ಬೆಳೆಯೋ ಮಾಸು ಒಂದು ಪ್ರೋಟೀನು ಮಾಡುತ್ತೆ. ಅದು ತಾಯಿ ರಕ್ತಕ್ಕೆ ಸೇರುತ್ತೆ. ಪರೀಕ್ಷೆಲಿ ಅದು ಸಿಕ್ಕಿದೆ."

"ಹಿಂದಿನ ಕರುದು ಉಳ್ಕೊಂಡಿದ್ರೆ?" ದೊಡ್ಡಬೀರಪ್ಪ ಕೇಳಿದ.

"ಕರು ಹಾಕಿದ ಮೂರ್ನಾಕು ತಿಂಗಳಿಗೆ ಹೋಗ್ಬಿಡುತ್ತೆ ತಾತ. ಕೆಂಚಿ ಕರು ಹಾಕಿ ಎರಡು ವರ್ಷ ಆಯ್ತಲ್ಲ. ಆದ್ರೆ ಅದನ್ನ ಬೆನ್ನಟ್ಟಬಾರ್ದು, ಕೆಡವಬಾರ್ದು. ಎಳೇ ಗಬ್ಬ ಇಳಿದುಬಿಡಬಹುದು."

ದ್ಯಾವಮ್ಮ ಮದುವೆಯಲ್ಲಿ ತವರಿನಿಂದ ಹೊಡೆದುಕೊಂಡು ಬಂದ ಹಸುವಿನ ತಳಿಯಲ್ಲಿ ಉಳಿದದ್ದು ಕೆಂಚಿ ಒಂದೇ. ದೊಡ್ಡಬೀರಪ್ಪ ಹೆಗಲಿಗೆ ಹಗ್ಗ ಹಾಕಿಕೊಂಡ.

ತಂಗಿ ನರಸಮ್ಮ ಅಡ್ಡ ನಿಂತಳು. "ನಾಳೆ ಅತ್ತಿಗೆ ಸಮಾಧಿಗೆ ಹಾಲುತುಪ್ಪ ಬಿಡ್ಬೇಕು ಕಣಣ್ಣ. ಅದಾಗ್ದೆ ಬೆಟ್ಟ ಹತ್ತಬಾರ್ದು."

"ಅವಳ ಹಸ ಕಣವ್ವ. ಅವಳೇ ಕಳಿಸ್ತಾ ಅವ್ಳೆ ಅನ್ಕೋ."

ಕೆಂಪರಾಜ್, ಅರ್ಪಿತ ಇಬ್ಬರೂ ಅವನ ಜೊತೆ ಹೊರಟರು. ಬೆಟ್ಟದ ಮೇಲೆ ಬಿಸಿಲಿಗೆ ಕಾದ ಬಂಡೆಗಳು ಆನೆಯ ಹಿಂಡಿನಂತೆ ಮಲಗಿದ್ದವು. ನಡುನಡುವೆ ಎದೆಯೆತ್ತರದ ಬಾದೆಹುಲ್ಲು, ಲಂಟಾನದ ಪೊದೆ. ಕೆಳಗೆ ರೈಲುಹಳಿ ಕೆರೆಯಂಚನ್ನು ಬಳಸಿ ಹೊಳೆಯುತ್ತಿತ್ತು. ಒಂದು ತೊರೆಯ ಮರಳಿನಲ್ಲಿ ಚಿರತೆಯ ಹೆಜ್ಜೆ ಹಸಿಯಾಗಿಯೇ ಇತ್ತು. ಮೂವರ ನಡಿಗೆಯೂ ಬಿರುಸಾಯಿತು.

ಕೊರಕಲಿನ ಅಂಚಿನಲ್ಲಿ, ಒಂದು ಹಾಸುಬಂಡೆಯ ಮೇಲೆ ಕೆಂಚಿ ನಿಂತಿತ್ತು. ಹಿಂದೆ ಪ್ರಪಾತ.

"ಮಾವ, ಕಾಲಿಗೆ ಕುಣಿಕೆ ಎಸೀತೀನಿ. ಒಂದೇ ಏಟಿಗೆ ಬೀಳ್ತದೆ!"

"ಬಿದ್ರೆ ಕರು ಹೋಯ್ತದೆ ಕಣ್ಲಾ. ಸುಮ್ಕಿರು."

ದೊಡ್ಡಬೀರಪ್ಪ ಗಂಟು ಕಟ್ಟಿ ತಂದಿದ್ದ, ಉಪ್ಪು ಬೆರೆಸಿದ ಬೂಸಾವನ್ನು ಬಂಡೆಯ ಮೇಲೆ ಹರಡಿ, ಬೆನ್ನು ತಿರುಗಿಸಿ ಕುಳಿತ. ಪೊದೆಯಲ್ಲಿ ಏನೋ ಗರಗರ ಎಂದಿತು. ಕೆಂಪರಾಜ್ ಕಲ್ಲೆತ್ತಿಕೊಂಡ.

ಮುದುಕ ಕದಲಲಿಲ್ಲ. ಸದ್ದು ದೂರವಾಯಿತು.

ಹೊತ್ತು ಇಳಿಯುವ ಹೊತ್ತಿಗೆ ಕತ್ತಿನ ಮೇಲೆ ಬಿಸಿಯುಸಿರು ಬಡಿಯಿತು. ನಿಧಾನವಾಗಿ ಕೈಯೆತ್ತಿ ಕೊಂಬಿಗೆ ಹಗ್ಗ ಸುತ್ತಿದ.

ಕಡಿದಾದ ದಾರಿ ಬಿಟ್ಟು, ಬೆಟ್ಟವನ್ನು ಬಳಸಿ ಇಳಿದರು. ಹಳಿಗೆ ಇನ್ನೇನು ಹತ್ತು ಮಾರು ಇದೆ ಎನ್ನುವಾಗ ರೈಲು ತಿರುವಿನಿಂದ ಕೂಗಿಕೊಂಡು ನುಗ್ಗಿತು.

ಕೆಂಚಿ ಚಂಗನೆ ಹಾರಿತು. ಹಗ್ಗ ಅಂಗೈ ಸುಲಿಯಿತು.

"ಬಿಟ್ಬಿಡು ಮಾವ!"

ಅವನು ಬಿಡಲಿಲ್ಲ. ಹೆಗಲ ಟವೆಲನ್ನು ಕೆಂಚಿಯ ಕಣ್ಣಿಗೆ ಹೊದಿಸಿ, ಕತ್ತನ್ನು ತಬ್ಬಿ ನಿಂತ. ಅರ್ಪಿತ, ಕೆಂಪರಾಜ್ ಎರಡೂ ಪಕ್ಕೆಗೆ ಆತುಕೊಂಡರು. ಡಬ್ಬಿಗಳು ಗಡಗಡಿಸಿ ಹೋದವು. ಕೆಂಚಿ ನಡುಗುತ್ತಲೇ ನಿಂತಿತ್ತು, ನಾಲ್ಕೂ ಕಾಲಿನ ಮೇಲೆ.

"ಗೊಡ್ಡು ಅಂದ್ಬಿಟ್ಟಿದ್ಯಲ್ಲ ಮಾವ," ಎಂದ ಕೆಂಪರಾಜ್, ಹಳಿ ದಾಟುತ್ತ.

"ನನ್ ಮಾತು ನಿಮ್ಮತ್ತೆ ಯಾವತ್ತು ನಂಬಿದ್ಲು ಹೇಳು," ಎಂದು ದೊಡ್ಡಬೀರಪ್ಪ ಮೊದಲ ಸಲ ಕಣ್ಣೊರೆಸಿಕೊಂಡ.

ಮರುದಿನ ಅರ್ಪಿತ ಕಟ್ಟಿದ ಬ್ಯಾಂಡೇಜಿನ ಕೈಯಲ್ಲೇ ಅವನು ಸಮಾಧಿಗೆ ಹಾಲುತುಪ್ಪ ಬಿಟ್ಟ.

"ಕೆಂಚಿ ಕೊಟ್ಟಿಗೇಲಿ ಮೇಯ್ತಾ ಅದೆ ಕಣಮ್ಮಿ. ಕರೂಗೂ ಏನೂ ಆಗಿಲ್ಲ ಅನ್ಸ್ತದೆ ಅಂದ್ರು ಡಾಕ್ಟರಮ್ಮ. ನೀನು ಹಿಂದಕ್ಕೆ ನೋಡ್ದೆ ನಡಿ. ತಂದೆ ಬೀರೇದೇವರೇ, ದಣಿದು ಬಂದವ್ಳೆ. ನಿನ್ನ ಪಾದದ ನೆಳ್ಳಲ್ಲಿ ಅವಳಿಗೆ ನೆಮ್ಮದಿ ಕೊಡಪ್ಪ."